29 ಅಂದರೆ ಎಷ್ಟು?

ಟೈರಿನ ಅಂಚಿನವರೆಗೂ ರಬ್ಬರ್ ಸವೆದಿದ್ದರೆ ಬೈಕಿನವರ ನಡುವೆ ಅದೊಂದು ಮರ್ಯಾದೆ. ಅಂಚಿನಲ್ಲಿ ಸವೆಯದ ಹೊಳಪಿನ ಪಟ್ಟಿ ಉಳಿದಿದ್ದರೆ 'ಚಿಕನ್ ಸ್ಟ್ರಿಪ್' ಅಂತ ಕಾಲೆಳೆಯುತ್ತಾರೆ, ಅಂದರೆ ತಿರುವಿನಲ್ಲಿ ಬೈಕ್ ಮಲಗಿಸಲು ಹೆದರುವ ಪುಕ್ಕಲ ಎಂದು. 2025ರ ಫೆಬ್ರುವರಿಯ ಒಂದು ಭಾನುವಾರ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಎರಡನೇ ಸೆಷನ್ ಮುಗಿಸಿ ಬಂದು ಹೆಲ್ಮೆಟ್ ತೆಗೆದಾಗ, ನನ್ನ ಹಿಂದಿನ ಟೈರಿನ ಬಲಗಡೆ ಆ ಪಟ್ಟಿ ಕೂದಲೆಳೆಯಷ್ಟೂ ಉಳಿದಿರಲಿಲ್ಲ. ಫೋಟೋ ತೆಗೆದೆ. ಸಾಲದೆಂದು ಕೂತು ಹತ್ತಿರದಿಂದ ಇನ್ನೊಂದು ತೆಗೆದೆ.

ಟೈರು ಹೊಸದು. ಬೈಕಿನ ಜೊತೆ ಬಂದಿದ್ದ ಮೆಟ್ಜೆಲರ್ ಎಂ5 ಒಳ್ಳೆಯ ಟೈರೇ. ಆದರೆ ಹೊಸೂರು ರಸ್ತೆಯ ನೇರಕ್ಕೆ ಓಡಿ ಓಡಿ ನಡು ಸವೆದು ಚಪ್ಪಟೆಯಾಗಿತ್ತು, ತಿರುವಿಗೆ ವಾಲಿಸಿದರೆ ಮೆಟ್ಟಿಲು ಇಳಿದ ಹಾಗೆ ದಡಕ್ಕೆನ್ನುತ್ತಿತ್ತು. ಜೆ.ಸಿ. ರೋಡಿನ ಅಂಗಡಿಯಲ್ಲಿ ನನ್ನ ಕೆಟಿಎಂ ಆರ್‌ಸಿ 390 ಬೈಕಿನ ಅಳತೆಗೆ, ಅಂದರೆ ಮುಂದೆ 110/70, ಹಿಂದೆ 150/60, ಎರಡೂ 17 ಇಂಚಿಗೆ, ಮಿಶೆಲಿನ್ ರೋಡ್ 5 ಇತ್ತು, ಪಿರೆಲ್ಲಿ ರೊಸ್ಸೋ ಇತ್ತು, ಅಪೋಲೋ ಆಲ್ಫಾ ಎಚ್1 ಇತ್ತು. ಟ್ರ್ಯಾಕಿಗೆ ಹೋಗುವವನು ಅಂದ ತಕ್ಷಣ ಅಂಗಡಿಯವರು ಮೆತ್ತನೆಯ ರೇಸ್ ಟೈರಿನ ಮಾತು ತೆಗೆದರು. ನಾನು ಲೆಕ್ಕ ಹಾಕಿದೆ: ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹೋಗುತ್ತ 300 ಕಿಲೋಮೀಟರ್, ಬರುತ್ತ 300, ನಡುವೆ ಟ್ರ್ಯಾಕಿನಲ್ಲಿ ಎಲ್ಲ ಸೆಷನ್ ಸೇರಿಸಿದರೂ ಎರಡು ಗಂಟೆ ದಾಟದು. ರೇಸ್ ಟೈರು ರಸ್ತೆ ಹಿಡಿಯಲು ಕಾವು ಬೇಕು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ನೆಟ್ಟಗೆ ಹೋಗುತ್ತಿದ್ದರೆ ಅದರ ಅಂಚಿಗೆ ಕಾವೇ ಹತ್ತುವುದಿಲ್ಲ, ನಡು ಮಾತ್ರ ಸವೆದುಹೋಗುತ್ತದೆ. ಎರಡು ಗಂಟೆಗಾಗಿ 600 ಕಿಲೋಮೀಟರ್ ಹೆದರಿಕೊಂಡು ಓಡಿಸುವುದು ಬೇಡವೆಂದು ಎಚ್1 ಹಾಕಿಸಿದೆ. ಅಂಗಡಿಯವರು ಮೊದಲು ತಂದ ಟೈರಿನ ಪಕ್ಕದಲ್ಲಿ 1122 ಎಂದಿತ್ತು, ಅಂದರೆ 2022ರ 11ನೇ ವಾರದ ಮಾಲು. "ಇದು ಬೇಡ" ಅಂದ ಮೇಲೆ ಗೊಣಗುತ್ತ ಒಳಗೆ ಹೋಗಿ 4124 ತಂದರು. ಇಷ್ಟೆಲ್ಲ ಜಾಣತನ ತೋರಿಸಿದವನು ಗಾಳಿಯ ವಿಷಯದಲ್ಲಿ ಹೇಗೆ ಎಡವಿದೆ ಅನ್ನುವುದೇ ಈಗ ಹೇಳಬೇಕಾದ್ದು.

ಬೈಕಿನ ಕೈಪಿಡಿಯ ಪ್ರಕಾರ, ಒಬ್ಬನೇ ಓಡಿಸಿದರೆ ಎರಡೂ ಚಕ್ರದ ಗಾಳಿಯ ಒತ್ತಡ 2 ಬಾರ್, ಅಂದರೆ 29 ಪಿಎಸ್ಐ. ಶನಿವಾರ ಹೊರಡುವ ಗಡಿಬಿಡಿಯಲ್ಲಿ ಗಾಳಿ ನೋಡುವುದು ಮರೆತು, ಕೃಷ್ಣಗಿರಿ ದಾಟಿದ ಮೇಲೆ ಒಂದು ಬಂಕಿನಲ್ಲಿ ನಿಲ್ಲಿಸಿ "29" ಎಂದೆ. ಹುಡುಗ ಪೈಪ್ ಸಿಕ್ಕಿಸಿದ, ಮೆಷಿನ್ ಕುಯ್ ಅಂತು, ಮುಗಿಯಿತು. ಮರುದಿನ ಬೆಳಿಗ್ಗೆ ಟ್ರ್ಯಾಕಿನಲ್ಲಿ ಎಲ್ಲರೂ ಕನ್ನಡಿ ಬಿಚ್ಚಿ ಹೆಡ್‌ಲೈಟಿಗೆ ಟೇಪ್ ಸುತ್ತುತ್ತಿದ್ದಾಗ ನಾನು ಕೂತು ವಾಲ್ವ್ ಒತ್ತಿದೆ. ಟ್ರ್ಯಾಕಿಗೆ ಗಾಳಿ ಇಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. 22, 24, 26 ಅಂತ ಬಾಯಿಗೊಂದು ಅಂಕಿ. ನಾನು 26 ಆರಿಸಿಕೊಂಡೆ. ಒತ್ತಡ ಅಳೆಯುವ ಗೇಜ್ ಇರಲಿಲ್ಲ. "ಒಂದು, ಎರಡು, ಮೂರು" ಎಣಿಸಿ ಬಿಟ್ಟೆ. ಸೆಕೆಂಡಿಗೆ ಒಂದು ಪಿಎಸ್ಐ! ಯಾವ ಶಾಸ್ತ್ರವೋ ಏನೋ.

ಈ ಟ್ರ್ಯಾಕ್ 3.7 ಕಿಲೋಮೀಟರ್ ಚಿಲ್ಲರೆ, 12 ತಿರುವು. ಸುತ್ತುವುದು ಗಡಿಯಾರದ ದಿಕ್ಕಿನಲ್ಲಿ, ಹಾಗಾಗಿ ಟೈರಿನ ಬಲಭುಜಕ್ಕೆ ದುಡಿಮೆ ಜಾಸ್ತಿ. ಮುಖ್ಯ ನೇರದ ಕೊನೆಯಲ್ಲಿ ಬರುವ ಸಿ-1 ವೇಗದ ಬಲತಿರುವು. ಅಲ್ಲಿ ಬೈಕ್ ಮಲಗಿಸಿದರೆ ಹಿಂಭಾಗ ಹತ್ತಿಯ ಹಾಸಿಗೆಯ ಮೇಲೆ ನಿಂತ ಹಾಗೆ ತೂಗಾಡುತ್ತಿತ್ತು. ಎಡದಿಂದ ಬಲಕ್ಕೆ ಹೊರಳಿಸುವಾಗ ನಾನು ಮೊದಲು ಹೊರಳುತ್ತಿದ್ದೆ, ಬೈಕ್ ಒಂದು ಗಳಿಗೆ ಯೋಚಿಸಿ ಹಿಂಬಾಲಿಸುತ್ತಿತ್ತು. ಹೊಸ ಟೈರು, ಇನ್ನೂ ಪಳಗಬೇಕು ಅಂದುಕೊಂಡೆ. ಎರಡನೇ ಸೆಷನ್ನಿಗೆ ತೂಗಾಟ ಹೆಚ್ಚಿತು. ಅದನ್ನೂ ನನ್ನ ವೇಗದ ಲೆಕ್ಕಕ್ಕೆ ಹಾಕಿ ಖುಷಿಪಟ್ಟೆ.

ಫೋಟೋ ತೆಗೆಯುತ್ತಿದ್ದಾಗ ಪಕ್ಕದಲ್ಲೇ ಇನ್ನೊಂದು ಗುಂಪಿನ ಬೈಕುಗಳನ್ನು ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ನಿಂತರು.

"ಗಾಳಿ ಎಷ್ಟಿಟ್ಟಿದ್ದೀರಿ ಸ್ವಾಮಿ?"

"ಎರಡಕ್ಕೂ 26 ಅಣ್ಣ."

"ಯಾವ 26? ಬಿಸಿದೋ, ತಣ್ಣಂದೋ? ಯಾರ ಗೇಜಿಂದು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಕೂತು ಹೆಬ್ಬೆರಳಿನಿಂದ ಟೈರಿನ ಅಂಚನ್ನು ಸವರಿದರು. ಸ್ಕೂಲಿನ ರಬ್ಬರ್ ಉಜ್ಜಿದಾಗ ಬೀಳುವಂಥ ಕರಿ ಎಳೆಗಳು ಬೆರಳಿಗೆ ಅಂಟಿದವು. ಟ್ರೆಡ್ ಮುಗಿದು ಪಕ್ಕದ ಗೋಡೆ ಶುರುವಾಗುವ ಜಾಗದಲ್ಲಿ ಒಂದು ಅಚ್ಚಿನ ಗೆರೆ ಇತ್ತಲ್ಲ, ಅದೂ ಒರಟಾಗಿತ್ತು. "ಇದು ನೀವು ಮಲಗಿಸಿದ್ದಕ್ಕೆ ಸವೆದಿದ್ದಲ್ಲ. ಟೈರೇ ಮಲಗಿದೆ" ಅಂದರು. ಜೇಬಿನಿಂದ ಗೇಜ್ ತೆಗೆದು ಒತ್ತಿದರು. 25. "ಕುದೀತಿರೋವಾಗ 25. ಬೆಳಿಗ್ಗೆ 19 ಇದ್ದಿರಬೇಕು."

ಆಮೇಲೆ ಲೆಕ್ಕ ಹಾಕಿದೆ, ಸರಿಹೋಯಿತು. ಈ ಮಟ್ಟದ ಒತ್ತಡದಲ್ಲಿ ಟೈರಿನೊಳಗಿನ ಗಾಳಿ ಹೆಚ್ಚುಕಡಿಮೆ 7 ಡಿಗ್ರಿ ಬಿಸಿಯಾದರೆ ಒಂದು ಪಿಎಸ್ಐ ಏರುತ್ತದೆ. ಕೈಪಿಡಿಯ 29 ತಣ್ಣನೆಯ ಟೈರಿನ ಅಂಕಿ. ನಾನು ಕೃಷ್ಣಗಿರಿಯ ಬಂಕಿನಲ್ಲಿ ತುಂಬಿಸಿದ್ದು ಬಿಸಿ ಟೈರಿಗೆ, ರಾತ್ರಿ ತಣ್ಣಗಾಗುವಾಗಲೇ ಮೂರು ನಾಲ್ಕು ಇಳಿದಿರುತ್ತದೆ. ಆ ಮೆಷಿನ್ ಮೂರು ಹೆಚ್ಚು ತೋರಿಸುತ್ತದೆ ಅನ್ನುವುದು ಬರುವಾಗ ಗೊತ್ತಾಯಿತು. ಅದರ ಮೇಲೆ ನನ್ನ ಮೂರು ಸೆಕೆಂಡು. ಇನ್ನು ಆ 22, 24 ಅಂಕಿಗಳು ಬಂದದ್ದು ಸ್ಲಿಕ್, ಅಂದರೆ ಗೀರುಗಳೇ ಇಲ್ಲದ ನುಣುಪು ರೇಸ್ ಟೈರು, ಓಡಿಸುವವರಿಂದ. ಅವರ ಟೈರಿನ ಗೋಡೆ ಗಡಸು, ಗಾಳಿ ಕಡಿಮೆಯಾದರೂ ಆಕಾರ ಬಿಡುವುದಿಲ್ಲ, ಅಲ್ಲದೆ ಅವರು ವಾರ್ಮರ್ ಹೊದಿಸಿ ಬಿಸಿ ಮಾಡಿಯೇ ಅಳೆಯುತ್ತಾರೆ. ನನ್ನಂಥ ರಸ್ತೆ ಟೈರಿಗೆ ಅದೇ ಗಾಳಿ ಇಟ್ಟರೆ ಅದು ಮುದ್ದೆಯಾಗುತ್ತದೆ, ಮುದ್ದೆಯಾದಷ್ಟೂ ಮಣಿದು ಇನ್ನಷ್ಟು ಕಾಯುತ್ತದೆ.

ಮೆಕ್ಯಾನಿಕ್ ಪಂಪ್ ಹಚ್ಚಿ, ಬಿಸಿ ಟೈರಿಗೇ, ಎರಡಕ್ಕೂ 31ಕ್ಕೆ ತಂದರು. ತಣ್ಣಗೆ 24-25ರ ಆಸುಪಾಸು. ನನ್ನ ತೂಕಕ್ಕೆ, ಈ ಟೈರಿಗೆ, ಇವತ್ತಿನ ಬಿಸಿಲಿಗೆ ಅಂತ ಮೂರು ಷರತ್ತು ಸೇರಿಸಿಯೇ ಹೇಳಿದರು. ಮೂರನೇ ಸೆಷನ್ನಿನಲ್ಲಿ ಸಿ-1ರಲ್ಲಿ ಬೈಕ್ ಹೇಳಿದ ಕಡೆ ಹೇಳಿದಾಗ ಹೋಯಿತು. ಅದಕ್ಕಿಂತ ಹೆಚ್ಚು ವರ್ಣಿಸಲು ಏನೂ ಇಲ್ಲ. ಸರಿಯಾಗಿ ಗಾಳಿ ಇರುವ ಟೈರು ನೆನಪಿಗೇ ಬರುವುದಿಲ್ಲ.

ಸ್ವಲ್ಪ ದಿನಕ್ಕೇ, ಮಾರ್ಚ್ 2ರಂದು, ಥಾಯ್ಲೆಂಡಿನ ಬುರಿರಾಮ್‌ನ ಮೋಟೋಜಿಪಿ ರೇಸ್ ನೋಡುತ್ತಿದ್ದೆ. ಮುಂದಿದ್ದ ಮಾರ್ಕ್ ಮಾರ್ಕೆಸ್ ತಾನಾಗಿ ನಿಧಾನಿಸಿ ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟ. ಅಲ್ಲಿನ ಆಗಿನ ನಿಯಮದಲ್ಲಿ ರೇಸಿನ ಹೆಚ್ಚಿನ ಸುತ್ತುಗಳಲ್ಲಿ ಮುಂದಿನ ಟೈರು ಕನಿಷ್ಠ 1.8 ಬಾರ್, ಅಂದರೆ 26 ಪಿಎಸ್ಐ ಇರಬೇಕಿತ್ತು, ಇಲ್ಲದಿದ್ದರೆ ದಂಡ. ಇನ್ನೊಂದು ಬೈಕಿನ ಹಿಂದಿನ ಬಿಸಿಗಾಳಿಯಲ್ಲಿ ಓಡಿಸಿದರೆ ಟೈರು ಕಾದು ಒತ್ತಡ ಏರುತ್ತದೆ. ಹಾಗೆ ಏರಿಸಿಕೊಂಡು, ಕೊನೆಗೆ ತಮ್ಮನನ್ನು ದಾಟಿ ಗೆದ್ದ. ನಾನು ಸೋಫಾದಲ್ಲಿ ಕೂತು, ಇದು ನನ್ನದೇ ಊರಿನ ಸುದ್ದಿ ಅನ್ನುವ ಹಾಗೆ ತಲೆಯಾಡಿಸಿದೆ.

ಅದಿರಲಿ. ಟ್ರ್ಯಾಕಿನ ಆ ಭಾನುವಾರ ಸಂಜೆ ಹತ್ತಿರದ ಶ್ರೀಪೆರಂಬದೂರಿನಲ್ಲೇ ಉಳಿದೆ. ಒಂದು ಗೇಜ್ ಕೊಂಡಿದ್ದೆ, ಮೆಕ್ಯಾನಿಕ್‌ನ ಗೇಜಿಗೆ ತಾಳೆ ನೋಡಿ. ಸೋಮವಾರ ಬೆಳಗಿನ ಜಾವ ತಣ್ಣನೆಯ ಟೈರಿಗೆ 29 ತುಂಬಿಸಿ ಹೊರಟೆ. ಬೆಂಗಳೂರಿನ ಬೆಳಗು ಇನ್ನೂ ತಂಪು, ಮಂಗಳವಾರ ನೋಡಿದರೆ ಒಂದು ಪಿಎಸ್ಐ ಆದರೂ ಇಳಿದಿರುತ್ತದೆ ಎಂದು ಎಣಿಸಿದ್ದೆ. ಗೇಜ್ 29ಕ್ಕಿಂತ ಒಂದು ಗೆರೆ ಮೇಲೇ ತೋರಿಸಿತು. ಗೇಜ್ ಕೆಟ್ಟಿತಾ ಅಂತ ಗಾಬರಿ. ಆಮೇಲೆ ಹೊಳೆಯಿತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡವೇ ಇಲ್ಲಿ ಒಂದೂವರೆ ಪಿಎಸ್ಐ ಕಡಿಮೆ. ಗೇಜ್ ತೋರಿಸುವುದು ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅಂತರವನ್ನು. ಚಳಿ ಇಳಿಸಿದ್ದನ್ನು ಘಟ್ಟ ಏರಿಸಿತ್ತು.

ನಮ್ಮ ಬೀದಿಯ ಬಂಕಿಗೆ ಹೋಗಿ, ಸುಮ್ಮನೆ ಪರೀಕ್ಷೆಗೆ, ಪೈಪ್ ಹಾಕಿಸಿದೆ. ಮೆಷಿನ್ 27 ಅಂದಿತು.

"29 ಹಾಕ್ಲಾ ಸಾರ್?" ಅಂದ ಹುಡುಗ.

"ಬೇಡಪ್ಪ, ಇದೇ 29."

ಅವನು ಒಮ್ಮೆ ಮೆಷಿನ್ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಪೈಪ್ ಸುತ್ತಿಟ್ಟ.