ತಿಳಿ ಅನ್ನುವ ಮಾತು

ಊರೂರಲ್ಲೂ ಈಗ ‘ಶುದ್ಧ ಕುಡಿಯುವ ನೀರಿನ ಘಟಕ’ ಅನ್ನುವ ಬೋರ್ಡು ಇದೆ. ಸಖರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲೂ ಇದೆ. ಆದರೆ ನಮ್ಮಜ್ಜಿ ಬಾಯಲ್ಲಿ ನೀರಿಗೆ ಶುದ್ಧ ಅನ್ನುವ ಮಾತು ಬರುತ್ತಲೇ ಇರಲಿಲ್ಲ. ‘ನೀರು ತಿಳಿಯಾಗ್ಲಿ, ಆಮೇಲೆ ತಗೋ’ ಅನ್ನುತ್ತಿದ್ದರು. ಕನ್ನಡದಲ್ಲಿ ನನಗೆ ತುಂಬಾ ಇಷ್ಟವಾದ ಪದ ಇದು.

ಮೊದಲ ಮಳೆ ಬಿದ್ದಾಗ ಕೆರೆ ನೀರೆಲ್ಲ ಕೆಂಪು ಬಗ್ಗಡ. ಅಜ್ಜಿ ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು, ನೀರು ಹುಯ್ದು, ಯಾರೂ ಮುಟ್ಟಬೇಡಿ ಅನ್ನುತ್ತಿದ್ದರು. ಬೀಜದ ಸಾರ ನೀರಿನಲ್ಲಿ ತೇಲುವ ಮಣ್ಣಿನ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಗುಂಪಾದ ಕಣಗಳು ಭಾರಕ್ಕೆ ತಳ ಸೇರುತ್ತವೆ. ಪಟಿಕ ಹಾಕಿದರೂ ಆಗುವುದು ಇದೇ. ಹಾಗಂತ ರೋಗಾಣು ಪೂರ್ತಿ ಹೋಗುವುದಿಲ್ಲ, ಕುದಿಸಿಯೇ ಕುಡಿಯಬೇಕು. ಕೊನೆಗೆ ಮಡಕೆಯನ್ನು ಮೆಲ್ಲಗೆ ಬಾಗಿಸಿ ಮೇಲಿನ ನೀರನ್ನಷ್ಟೇ ಬಸಿದುಕೊಳ್ಳಬೇಕು. ಆ ಮೇಲಿನ ನೀರಿನ ಹೆಸರೂ ತಿಳಿಯೇ. ಸುಣ್ಣದ ನೀರಿಗೂ ಅದೇ ಮಾತು, ಸುಣ್ಣದ ತಿಳಿ. ಊಟಕ್ಕೆ ಕೂತರೆ ತಿಳಿಸಾರು.

ತೊಳೆಯುವುದರಲ್ಲಿ, ಉಜ್ಜುವುದರಲ್ಲಿ ಕೈಯ ಕೆಲಸ ಜಾಸ್ತಿ. ತಿಳಿಯಾಗಬೇಕಾದರೆ ಕೈ ತೆಗೆಯಬೇಕು. ಕಲಕಿದರೆ ಕೆಟ್ಟಿತು.

ಗೊತ್ತಾಗುವುದಕ್ಕೂ ನಾವು ತಿಳಿ ಅಂತಲೇ ಅನ್ನುತ್ತೇವಲ್ವಾ? ಇದು ಎರಡು ಪದ ಆಕಸ್ಮಿಕವಾಗಿ ಒಂದೇ ಥರ ಕೇಳಿಸುವುದಲ್ಲ. ಬೇರು ಒಂದೇ, ತೆಳ್. ತಮಿಳು, ಮಲಯಾಳಗಳಲ್ಲಿ ನೀರು ತಿಳಿಯಾಗುವುದಕ್ಕೆ ತೆಳಿ ಅನ್ನುತ್ತಾರೆ. ತೆಲುಗಿನಲ್ಲಿ ತೆಲಿಯು ಅಂದರೆ ಗೊತ್ತಾಗು, ತೆಲುಪು ಅಂದರೆ ಬಿಳುಪು. ಬೆಳ್ಳಗೆ ಅನ್ನುವಲ್ಲಿ ಉಳಿದುಕೊಂಡ ಎಕಾರ ಬಿಳಿ ಅನ್ನುವಲ್ಲಿ ಇಕಾರ ಆಗಿದೆಯಲ್ಲ, ಹಾಗೆಯೇ ತೆಳಿ ನಮ್ಮಲ್ಲಿ ತಿಳಿ ಆಯಿತು. ಸಂಸ್ಕೃತದಲ್ಲೂ ಇಂಥದ್ದೊಂದು ಜೋಡಿ ಇದೆ. ಶುದ್ಧ, ಶೋಧ ಎರಡೂ ಹುಟ್ಟಿದ್ದು ಶುಧ್ ಅನ್ನುವ ಒಂದೇ ಧಾತುವಿನಿಂದ. ಕಸ ತೆಗೆಯುವುದೂ ಶೋಧಿಸುವುದೇ, ನಿಜ ಹುಡುಕುವುದೂ ಶೋಧಿಸುವುದೇ. ಆದರೂ ನನ್ನ ಮನಸ್ಸು ತಿಳಿಯ ಕಡೆಗೇ ವಾಲುತ್ತದೆ. ಶುದ್ಧ ಅಂದ ಕೂಡಲೇ ಅಶುದ್ಧ ಯಾರು ಅನ್ನುವ ಮಾತು ಹಿಂದೆಯೇ ಬರುತ್ತದೆ. ತಿಳಿಯ ಎದುರು ನಿಲ್ಲುವುದು ಬಗ್ಗಡ ಮಾತ್ರ. ಅದು ಇಂದಲ್ಲ ನಾಳೆ ತಳಕ್ಕೆ ಕೂರುವಂಥದ್ದು.

ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಮಾರನೇ ದಿನ ಎಲ್ಲರೂ ಮತ್ತೆ ಒಟ್ಟಿಗೆ ಕಾಫಿ ಕುಡಿದರೆ ‘ಜಗಳ ತಿಳಿಯಾಯ್ತು’ ಅನ್ನುತ್ತೇವೆ. ಮೋಡ ಸರಿದರೆ ಆಕಾಶ ತಿಳಿಯಾಗುತ್ತದೆ. ಬುದ್ಧಿ ಕೆಟ್ಟವನನ್ನು ತಿಳಿಗೇಡಿ ಅಂತ ಬೈಯುತ್ತೇವೆ. ಅಜ್ಜಿ ಮಡಕೆಯನ್ನು ಕಲಕಿದ ಮೊಮ್ಮಕ್ಕಳಿಗೆಲ್ಲ ಸಿಗುತ್ತಿದ್ದ ಬೈಗುಳವೂ ಅದೇ.