ಕರ್ಕಾಟಕ ಲಗ್ನದ ಅರ್ಕಾವತ್ತು

ವಿಜಯನಗರದಿಂದ ಅವೆನ್ಯೂ ರಸ್ತೆಗೆ ಹೆಚ್ಚೆಂದರೆ ಐದಾರು ಕಿಲೋಮೀಟರ್. ಇದನ್ನೂ ಪ್ರವಾಸ ಅಂತಾರಾ ಅಂತ ಕೇಳಬಹುದು. ನನ್ನ ಮಟ್ಟಿಗೆ ಹೌದು. ತಿಪಟೂರಿನಿಂದ ಓದಲು ಬಂದು ಎರಡು ವರ್ಷವಾಯಿತು. ಪೇಟೆಯ ಒಳಗೆ ಒಂದಿಡೀ ಸಂಜೆ ನಡೆದದ್ದು ಅವತ್ತೇ ಮೊದಲು.

ಪಾರ್ಟ್ ಟೈಮ್ ಕೆಲಸ ಹುಡುಕುತ್ತಾ ಮೂರು ವಾರ ಕಳೆದಿದ್ದವು. ಆ ಮೂರು ವಾರದ ಬಗ್ಗೆ ಹೇಳುವಂಥದ್ದು ಏನಿಲ್ಲ, ಒಂದನ್ನು ಬಿಟ್ಟು. ಡೇಟಾ ಎಂಟ್ರಿ ಕೆಲಸ ಅಂತ ಕರೆದ ಒಂದು ಆಫೀಸಿನಲ್ಲಿ 1,500 ರೂಪಾಯಿ ನೋಂದಣಿ ಶುಲ್ಕ ಕಟ್ಟಿಸಿಕೊಂಡರು. ಮಾರನೇ ದಿನ ಹೋದರೆ ಬಾಗಿಲಿಗೆ ಬೀಗ. ಫೋನೂ ಸ್ವಿಚ್ ಆಫ್. ಅಮ್ಮ ಕಾಯಿ ಮಾರಿ ಕಳಿಸಿದ ದುಡ್ಡು ಅದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಕೆಲಸ ಹುಡುಕುತ್ತಿರುವವರಿಗೆ ನಾನು ಹೇಳುವುದು ಇಷ್ಟೇ: ಕೆಲಸ ಕೊಡುವವರು ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ ಆ ಕ್ಷಣವೇ ಎದ್ದು ಬನ್ನಿ. ಚೆನ್ನಾಗಿ ಮಾತಾಡ್ತಾರೆ, ಎಸಿ ಇದೆ, ಕುಡಿಯಲು ನೀರು ಕೊಟ್ಟರು ಅಂತೆಲ್ಲ ಕೂರಬೇಡಿ.

ಆಷಾಢದ ಕೊನೇ ವಾರ. ಅವೆನ್ಯೂ ರಸ್ತೆಗೆ ಹೋದದ್ದು ಸೆಕೆಂಡ್ ಹ್ಯಾಂಡ್ ಕಾಸ್ಟಿಂಗ್ (ವೆಚ್ಚ ಲೆಕ್ಕದ) ಪುಸ್ತಕ ತರಲು. ಮೆಟ್ರೋದಲ್ಲಾದರೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಚಿಕ್ಕಪೇಟೆಗೆ ಇಳಿಯಬಹುದು. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ನಾನು ಮೆಟ್ರೋ ಹತ್ತುವುದು ಕಡಿಮೆ. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗದೆ ಇದ್ದಿದ್ದರೆ ಕೆಲಸ ಹುಡುಕಲು ಇಷ್ಟು ಓಡಾಡುವುದು ನನ್ನ ಕೈಲಿ ಆಗುತ್ತಲೇ ಇರಲಿಲ್ಲ. ಮಾರ್ಕೆಟ್‌ನಲ್ಲಿ ಇಳಿದು ನಡೆದೆ.

ಪುಸ್ತಕ ಸಿಗಲಿಲ್ಲ. ಪಕ್ಕದ ಓಣಿಯ ಲಗ್ನಪತ್ರಿಕೆ ಅಂಗಡಿಯ ಬಾಗಿಲಲ್ಲಿ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ಸಂಜೆ ಕೆಲಸಕ್ಕೆ ಜನ ಬೇಕು, ಕನ್ನಡ ಚೆನ್ನಾಗಿ ಬರಬೇಕು. ಒಳಗೆ ಹೋದೆ. ಶ್ರಾವಣದ ಮದುವೆಗಳ ಕಾರ್ಡು ಅಚ್ಚಾಗುವ ಸಮಯ, ಯಜಮಾನರಿಗೆ ಮಾತಾಡಲೂ ಪುರುಸೊತ್ತಿಲ್ಲ. ಎರಡು ಕವರ್ ಕೈಗಿಟ್ಟರು. ಒಂದರಲ್ಲಿ ಪಾರ್ಟಿ, ಅಂದರೆ ಮದುವೆ ಮನೆಯವರು, ಸಹಿ ಹಾಕಿದ ಲಗ್ನಪತ್ರಿಕೆಯ ಪ್ರೂಫ್ (ಅಚ್ಚಿಗೆ ಮುಂಚಿನ ಕರಡು) ಮತ್ತು ಪೆನ್ ಡ್ರೈವ್, ಅದು ಸುಲ್ತಾನಪೇಟೆಯ ಆಫ್‌ಸೆಟ್ ಪ್ರೆಸ್ಸಿಗೆ. ಇನ್ನೊಂದರಲ್ಲಿ ಬಿಲ್ ಬುಕ್ಕಿನ ಹಾಳೆಗಳು, ಅದು ಕಾಟನ್‌ಪೇಟೆಯಲ್ಲಿ ನಂಬರ್ ಹೊಡೆಯುವವರಿಗೆ.

"ಎರಡೂ ತಲುಪಿಸಿ ಬನ್ನಿ, ಆಮೇಲೆ ಕೆಲಸದ ಮಾತು" ಅಂದರು. ವಿಳಾಸ ಕೇಳಿದೆ. "ಗಣಪತಿ ಗುಡಿ ಹಿಂದೆ" ಅಂದರು.

ಹೊರಟೆ. ದೊಡ್ಡಪೇಟೆ, ಚಿಕ್ಕಪೇಟೆ ಸೇರುವ ಚೌಕ ಸಿಕ್ಕಿತು. ಅವೆನ್ಯೂ ರಸ್ತೆಯ ಹಳೇ ಹೆಸರೇ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಈ ಚೌಕದಿಂದಲೇ ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿ ಊರಿನ ಬೀದಿಗಳಿಗೆ ಗೆರೆ ಎಳೆಸಿದರು ಅನ್ನುವ ಕಥೆ ಶಾಲೆಯಲ್ಲಿ ಓದಿದ್ದೆ. ಆ ಗೆರೆಯ ಮೇಲೆ ಈಗ ಒಂದು ಎತ್ತು ತಿರುಗಲೂ ಜಾಗವಿಲ್ಲ. ಸೀರೆ ಮೂಟೆ ಹೊತ್ತವರು, ತಳ್ಳುಗಾಡಿ, ಎರಡೂ ಕಡೆಯಿಂದ ನುಗ್ಗುವ ಸ್ಕೂಟರ್. ಆದರೂ ನನಗೆ ಈ ಜಾಗ ಹಿಡಿಸಿತು. ಮಾಲ್‌ಗಳಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಹತ್ತು ಹೆಜ್ಜೆಗೊಬ್ಬರು "ಏನಮ್ಮಾ ಬೇಕು" ಅಂತಾರೆ. ಬಳೇಪೇಟೆಯಲ್ಲಿ ಒಬ್ಬರು ತಬಲಾ ಶ್ರುತಿ ಮಾಡುತ್ತಾ ಕೂತಿದ್ದರು. ಅಷ್ಟು ಗದ್ದಲದಲ್ಲಿ ಕಿವಿಯನ್ನು ಚರ್ಮಕ್ಕೆ ಹತ್ತಿರ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಸುಮ್ನೆ ನಿಂತು ನೋಡಿದೆ.

ಗಣಪತಿ ಗುಡಿಗಳು ಎಷ್ಟಿವೆ ಗೊತ್ತಾ? ಮೂರು ಗುಡಿಗಳ ಹಿಂದೆ ಹೋಗಿ ಬಂದೆ. ಪ್ರೆಸ್ ಸಿಗಲಿಲ್ಲ. ಅಷ್ಟರಲ್ಲಿ ಮಳೆ ಶುರುವಾಯಿತು. ಕವರ್‌ಗಳು ಬರೀ ಕಾಗದದ್ದು. ಚೂಡಿದಾರದ ವೇಲ್ ಸುತ್ತಿ ಎದೆಗೆ ಒತ್ತಿಕೊಂಡು ಓಡಿದೆ. ಬಿಲ್ ಹಾಳೆಗಳ ಒಂದು ಮೂಲೆ ನೆಂದೇ ಹೋಯಿತು. ಪೇಟೆಗೆ ಕಾಗದದ ಕೆಲಸದ ಮೇಲೆ ಹೋಗುವವರು ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ, ವಿಳಾಸ ಕೊಟ್ಟವರ ಹತ್ತಿರ ಪಕ್ಕದ ಅಂಗಡಿಯ ಹೆಸರನ್ನೂ ಕೇಳಿಕೊಳ್ಳಿ. ಗುಡಿ ನಂಬಿಕೊಂಡು ಹೋಗಬೇಡಿ.

ಕೊನೆಗೆ ಕಾಟನ್‌ಪೇಟೆಯ ಓಣಿಯಲ್ಲಿ ನಂಬರಿಂಗ್ ಅಂಗಡಿಯೇ ಮೊದಲು ಸಿಕ್ಕಿತು. ಹತ್ತಡಿ ಉದ್ದದ ಕೋಣೆ, ಕಪ್ಪಗೆ ಮಿರುಗುವ, ಟ್ರೆಡಲ್ ಅನ್ನುವ ಒಂದು ಹಳೇ ಅಚ್ಚಿನ ಮೆಷಿನ್, ಎಪ್ಪತ್ತು ದಾಟಿದ ಅಜ್ಜ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನೆಂದ ಹಾಳೆಗಳನ್ನು ತೆಗೆದು ದಾರದ ಮೇಲೆ ಒಂದೊಂದಾಗಿ ನೇತುಹಾಕಿದರು. "ಕೂತ್ಕೋ, ಮಳೆ ನಿಲ್ಲಲಿ" ಅಂದರು.

ಮುಂದಿನ ಮುಕ್ಕಾಲು ಗಂಟೆಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು.

ಅಜ್ಜ ಹದಿನಾಲ್ಕನೇ ವಯಸ್ಸಿಗೆ ಅಚ್ಚುಮೊಳೆ (ಸೀಸದ ಅಕ್ಷರ) ಜೋಡಿಸುವ ಕೆಲಸಕ್ಕೆ ಸೇರಿದವರು. ಆಫ್‌ಸೆಟ್, ಕಂಪ್ಯೂಟರ್ ಬಂದ ಮೇಲೆ ಮೊಳೆಗಳೆಲ್ಲ ಸೀಸದ ಬೆಲೆಗೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವಂತೆ. ಟ್ರೆಡಲ್ ಉಳಿದದ್ದು ಬಿಲ್ ಬುಕ್ಕಿಗೆ ನಂಬರ್ ಹೊಡೆಯಲು, ಕಾರ್ಡಿಗೆ ಮಡಿಕೆಯ ಗೆರೆ ಒತ್ತಲು. "ಇನ್ನೊಂದು ಕವರ್‌ನಲ್ಲಿ ಏನಿದೆ?" ಅಂದರು. ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ಓದಲು ಶುರು ಮಾಡಿದರು. ನಾವು ಓದುವ ಹಾಗಲ್ಲ. ಒಂದೊಂದು ಅಕ್ಷರದ ಮೇಲೂ ಬೆರಳು ನಿಲ್ಲುತ್ತಿತ್ತು. ನಡುವೆ ಬೆರಳು ನಿಂತೇ ಹೋಯಿತು.

"ಇಲ್ಲಿ ಓದಮ್ಮಾ."

ಓದಿದೆ. "ಕರ್ಕಾಟಕ ಲಗ್ನದಲ್ಲಿ."

"ಇರೋದನ್ನ ಓದು. ಇರಬೇಕಾದ್ದನ್ನ ಓದಬೇಡ."

ಮತ್ತೆ ನೋಡಿದೆ. ಕಕಾರ್ಟಕ ಲಗ್ನ ಅಂತ ಇತ್ತು.

ಮೈ ಜುಂ ಅಂದಿತು. ಅಂಗಡಿಯಿಂದ ಹೊರಡುವಾಗ ನಾನೂ ಒಂದು ಸಲ ಓದಿದ್ದೆ. ಪಾರ್ಟಿಯವರು ಓದಿ ಸಹಿ ಹಾಕಿದ್ದರು. ಯಾರಿಗೂ ಕಂಡಿಲ್ಲ. "ಸಹಿ ಹಾಕೋರು ಹೆಸರು, ತಾರೀಕು, ಛತ್ರ ನೋಡ್ತಾರೆ ಅಷ್ಟೇ" ಅಂದರು ಅಜ್ಜ.

ಇದು ಹೇಗಾಯಿತು ಅಂತ ಕೇಳಿದೆ. ಅವರು ನನ್ನ ನೋಟ್‌ಬುಕ್ಕಿನಲ್ಲಿ 'ಸೂರ್ಯ' ಅಂತ ಬರೆಯಲು ಹೇಳಿದರು. ಬರೆದೆ. "ಬಾಯಲ್ಲಿ ಯಾವುದು ಮೊದಲು ಬಂತು, ರಕಾರಾನಾ ಯಕಾರಾನಾ?" ರಕಾರ ಅಂದೆ. "ಕೈ ಯಾವುದನ್ನ ಮೊದಲು ಬರೀತು?" ಆಗ ನೋಡಿಕೊಂಡೆ. ಮೊದಲು ಯ ಬರೆದು, ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕಿದ್ದೆ. ಒಂದನೇ ಕ್ಲಾಸಿನಿಂದ ಬರೆಯುತ್ತಿದ್ದೇನೆ, ಒಂದು ದಿನವೂ ಇದನ್ನು ಗಮನಿಸಿರಲಿಲ್ಲ. ನೀವೂ ಒಂದು ಸಲ ಬರೆದು ನೋಡಿ. ಬಾಯಿ ಮೊದಲು ಹೇಳಿದ್ದನ್ನು ಕೈ ಆಮೇಲೆ ಬರೆಯುತ್ತದೆ.

ಮೊಳೆ ಜೋಡಿಸುವಾಗಲೂ ಕೈಯದೇ ಲೆಕ್ಕವಂತೆ, ಅಕ್ಷರ ಮೊದಲು, ಅರ್ಕಾವತ್ತಿನ ಮೊಳೆ ಅದರ ಮುಂದೆ. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಂಥವುಗಳ ಹಳೇ ಫಾಂಟಿನ ಫೈಲುಗಳಲ್ಲೂ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರ ಕೂತಿರುತ್ತವೆ. ಈಗ ಫೋನು, ಕಂಪ್ಯೂಟರ್‌ಗಳಲ್ಲಿ ಅಕ್ಷರ ಕೂರಿಸುವ ಯೂನಿಕೋಡ್ ಪದ್ಧತಿ ಮಾತ್ರ ಬಾಯಿಯ ಕಡೆ, ಅಲ್ಲಿ ರಕಾರ ಮೊದಲು ಬರಬೇಕು. ಹಳೇ ಫೈಲನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತನ್ನು ಹಿಂದಕ್ಕೆ ಎಳೆದು ಕೂರಿಸದಿದ್ದರೆ ಸೂರ್ಯ ಹೋಗಿ 'ಸೂಯರ್' ಆಗುತ್ತದೆ, ಕಾರ್ಯ ಹೋಗಿ 'ಕಾಯರ್' ಆಗುತ್ತದೆ. ಈ ಫೈಲು, ಫಾಂಟಿನ ಅರ್ಧ ನನಗೆ ಆಮೇಲೆ ಅಂಗಡಿಯಲ್ಲಿ ತಿಳಿದದ್ದು. ಅಲ್ಲಿ ಒಂದು ಮದುವೆಯ ಹಳೇ ಫೈಲಿನ ಮೇಲೆ ಇನ್ನೊಂದು ಮದುವೆ ಕೂರಿಸುವುದು ದಿನಾ ನಡೆಯುತ್ತದೆ. ಬಾಯಿ ಮತ್ತು ಕೈಯ ಅರ್ಧ ಅಜ್ಜನದು.

ಯಜಮಾನರಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಇನ್ನೂ ಕೆಲಸವೇ ಸಿಕ್ಕಿಲ್ಲ, ಆಗಲೇ ಅವರ ತಪ್ಪು ಹೇಳಬೇಕು. ಹೇಳಿದೆ. ಆ ಕಡೆ ಒಂದು ನಿಮಿಷ ಮಾತಿಲ್ಲ. ಆಮೇಲೆ "ಇನ್ನೇನಾದರೂ ಇದೆಯಾ ನೋಡಿ, ಪೂರ್ತಿ ಓದಿ" ಅಂದರು.

ನಾನು ಗಟ್ಟಿಯಾಗಿ ಅಕ್ಷರ ಬಿಡಿಸಿ ಓದುವುದು, ಅಜ್ಜ ಬೆರಳಿಟ್ಟು ನೋಡುವುದು. ಹೊರಗೆ ಮಳೆ. ಓಣಿಯ ಚಹಾದ ಹುಡುಗ ಎರಡು ಲೋಟ ಇಟ್ಟು, ಮದುವೆ ಯಾರದು ಅಂತ ಕೇಳಿ ಹೋದ. 'ಮುಹೂರ್ತ' ಸರಿ ಇತ್ತು, ಅದನ್ನು ಮೊದಲನೇ ಪ್ರೂಫಿನಲ್ಲೇ ಯಾರೋ ತಿದ್ದಿದ್ದರಂತೆ. ಕೆಳಗೆ 'ಆಶೀವಾರ್ದ' ಸಿಕ್ಕಿತು. ಅದನ್ನು ಹಿಡಿದದ್ದು ನಾನು. ಅಜ್ಜ ತಲೆ ಎತ್ತಿ ನನ್ನನ್ನೇ ನೋಡಿ "ಬಂತು ನೋಡು" ಅಂದರು. ಎರಡು ವರ್ಷದಲ್ಲಿ ಈ ಊರಿನಲ್ಲಿ ನನಗೆ ಅಷ್ಟು ಖುಷಿಯಾದದ್ದು ನೆನಪಿಲ್ಲ.

ಉಳಿದದ್ದೆಲ್ಲ ಓಟ. ಅಂಗಡಿಗೆ ವಾಪಸ್, ತಿದ್ದಿದ ಫೈಲು, ಹೊಸ ಪ್ರೂಫ್, ಪ್ಲಾಸ್ಟಿಕ್ ಚೀಲ. ಪ್ರೆಸ್ಸಿನ ದಾರಿಯನ್ನು ಅಜ್ಜನೇ ಹೇಳಿಕೊಟ್ಟಿದ್ದರು. ಷಟರ್ ಅರ್ಧ ಇಳಿಸಿದ್ದಾಗ ತಲುಪಿದೆ. ಯಜಮಾನರು ಮರುದಿನದಿಂದಲೇ ಬರಲು ಹೇಳಿದರು. ಸಂಜೆ 4ರಿಂದ 8, ತಿಂಗಳಿಗೆ 7,000 ರೂಪಾಯಿ. ಓಡಾಟಕ್ಕಲ್ಲ, ಪ್ರೂಫ್ ಓದುವುದಕ್ಕೆ. ತಪ್ಪು ಹಿಡಿದದ್ದು ಅಜ್ಜ ಅಂತ ನಾನು ಎರಡು ಸಲ ಹೇಳಿದೆ. "ಗೊತ್ತು, ಫೋನ್ ಮಾಡಿದ್ದು ನೀವಲ್ವಾ" ಅಂದರು.

ನಾಲ್ಕು ದಿನದ ಮೇಲೆ ಬಿಲ್ ಬುಕ್ ತರಲು ಹೋದಾಗ ಅಚ್ಚಾದ ಕಾರ್ಡಿನ ಒಂದು ಪ್ರತಿ ಒಯ್ದೆ. ಅರಿಶಿನ ಬಣ್ಣದ ಕಾರ್ಡು, ಮೂಲೆಯಲ್ಲಿ ಬಾಳೆಕಂದು. ಅಜ್ಜ ಕೈ ಒರೆಸಿಕೊಂಡು ತೆಗೆದುಕೊಂಡರು. ಕನ್ನಡಕ ಏರಿಸಿ, ಮೇಲಿನ ಶ್ರೀಕಾರದಿಂದ ಬೆರಳಿಟ್ಟರು.

"ಅಚ್ಚಾಗಿ ಹೋಯ್ತಲ್ಲ ಅಜ್ಜ, ಹಂಚಿದ್ದೂ ಆಯ್ತು" ಅಂದೆ.

"ತಾಳು, ಛತ್ರದ ಹೆಸರು ಒಂದು ಬಾಕಿ ಇದೆ" ಅಂದರು.