ಇಜಿಆರ್ ಬ್ಲಾಂಕ್ ಮಾಡಿಸೋ ಮೊದಲು ಒಮ್ಮೆ ಬಿಚ್ಚಿ ನೋಡಿ

ಹೋದ ತಿಂಗಳು ಆಗುಂಬೆ ಘಾಟಿಯಲ್ಲಿ ನಮ್ಮ ಕಾರು ಕೈಕೊಟ್ಟಿತು. 2011ರ ಡೀಸೆಲ್ ಗಾಡಿ, ಇಷ್ಟು ವರ್ಷದಲ್ಲಿ ಒಂದು ದಿನವೂ ದಾರಿಯಲ್ಲಿ ನಿಲ್ಲಿಸಿದ್ದಲ್ಲ. ಉಡುಪಿಯಲ್ಲಿ ಮದುವೆ ಮುಗಿಸಿಕೊಂಡು ಸೋಮೇಶ್ವರದಿಂದ ಮೇಲೆ ಹತ್ತುತ್ತಿದ್ದೆವು. 14 ತಿರುವಿನಲ್ಲಿ 4 ದಾಟುವಷ್ಟರಲ್ಲಿ ಗಾಡಿ ಎಳೆಯೋದೇ ಬಿಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಫಸ್ಟ್ ಗೇರಿನಲ್ಲೇ ಏದುಸಿರು, ಕನ್ನಡಿಯಲ್ಲಿ ನೋಡಿದರೆ ಬರೀ ಕಪ್ಪು ಹೊಗೆ, ಮುಂದೆ ಇಂಜಿನ್ ಲೈಟು ಉರಿಯುತ್ತಿದೆ. ಹಿಂದಿದ್ದ ಬಸ್ಸಿನ ಡ್ರೈವರ್ ಒಮ್ಮೆಯೂ ಹಾರ್ನ್ ಮಾಡದೆ ಮೇಲಿನವರೆಗೂ ನಿಧಾನಕ್ಕೆ ಬಂದರು, ಪುಣ್ಯಾತ್ಮರು.

ಶಿವಮೊಗ್ಗದಲ್ಲಿ ಮೊದಲು ತೋರಿಸಿದ ಕಡೆ ಸ್ಕ್ಯಾನರ್ ಹಾಕಿದರು. ಪಿ0402 ಅಂತ ಕೋಡ್ ಬಂತು, ಅಂದರೆ ಇಜಿಆರ್ ವಾಲ್ವಿನಿಂದ (ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡೋ ಬಾಗಿಲು ಅದು) ವಾಪಸ್ ಹೋಗೋ ಹೊಗೆ ಜಾಸ್ತಿಯಾಗಿದೆ. ಹೊಸದೇ ಹಾಕಬೇಕು ಎಂದರು. ಎರಡನೇ ಕಡೆ ಇನ್ನೂ ಸುಲಭದ ದಾರಿ ಹೇಳಿದರು. "ಸುಮ್ನೆ ಒಂದು ತಗಡು ಇಟ್ಟು ಆ ಹೊಗೆಯ ದಾರಿ ಮುಚ್ಚಿ ಬ್ಲಾಂಕ್ ಮಾಡಿಬಿಡೋಣ ಸರ್, ಹೊಗೆ ಟೆಸ್ಟಲ್ಲೂ ಪಾಸಾಗುತ್ತೆ."

ಪಾಸಾಗುತ್ತೆ, ನಿಜ. ಡೀಸೆಲ್ ಗಾಡಿಗೆ ನಮ್ಮಲ್ಲಿ ಮಾಡುವ ಎಮಿಷನ್ ಟೆಸ್ಟಿನಲ್ಲಿ ಹೊಗೆ ಎಷ್ಟು ದಟ್ಟ ಇದೆ ಅಂತ ಮಾತ್ರ ನೋಡುತ್ತಾರೆ. ಆದರೆ ಇಜಿಆರ್ ಇರೋದು ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡೋಕೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ ಅಲ್ವಾ, ಇಂಜಿನ್ ಒಳಗಿನ ಬಿಸಿ ವಿಪರೀತ ಏರಿದಾಗ ಅದು ಆಕ್ಸಿಜನ್ ಜೊತೆ ಸೇರಿ ಶ್ವಾಸಕೋಶಕ್ಕೆ ಕೆಟ್ಟದಾದ ಅನಿಲವಾಗುತ್ತೆ. ಉರಿದ ಹೊಗೆಯನ್ನೇ ಸ್ವಲ್ಪ ಒಳಗೆ ಬಿಟ್ಟರೆ ಆಕ್ಸಿಜನ್ ಕಡಿಮೆಯಾಗಿ ಆ ಬಿಸಿ ಇಳಿಯುತ್ತೆ. ಅಷ್ಟೇ ಇದರ ಕೆಲಸ. ಗೋಪಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನನ್ನ ಕಾರಿನ ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ನಿಂತವರು ಆ ಅನಿಲವನ್ನು ಕುಡಿಯಬೇಕು ಅಂತ ನೆನೆಸಿಕೊಂಡರೆ ನನಗೆ ಆ ತಗಡು ಬೇಡವೇ ಬೇಡ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಹಳೇ ಮೆಕ್ಯಾನಿಕ್. "ಮೊದಲು ಬಿಚ್ಚಿ ನೋಡುವ ಮಾರಾಯ್ರೆ, ಆಮೇಲೆ ಹೊಸದರ ಮಾತು" ಎಂದರು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ವೈರ್ ತೆಗೆದು, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಹೊಡೆದು ಅರ್ಧ ಗಂಟೆ ಹಾಗೇ ಬಿಟ್ಟರು. ಆತುರ ಮಾಡಿದರೆ ಬೋಲ್ಟ್ ಒಳಗೇ ಮುರಿಯುತ್ತೆ, ಆಮೇಲೆ ಕೆಲಸ ನಾಲ್ಕು ಪಟ್ಟು.

ವಾಲ್ವ್ ಕೈಗೆ ಬಂದಾಗ ನಾನು ದಂಗಾದೆ. ಬಚ್ಚಲೊಲೆಯ ಹಂಡೆಗೆ ಹಿಡಿಯುವ ಮಸಿ ಬೆರಳು ತಾಗಿದರೆ ಉದುರುತ್ತೆ. ಇದು ಹಾಗಲ್ಲ. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಗಟ್ಟಿಯಾಗಿ ಉಳಿದ ಚೊಗರಿನ ಹಾಗೆ, ಜಿಗುಟು. ಡೀಸೆಲ್ ಮಸಿಗೆ ಇಂಜಿನ್ ಆಯಿಲ್‌ನ ಆವಿ ಸೇರಿ ಹೀಗಾಗುತ್ತೆ ಎಂದರು. ಅದು ಅಡ್ಡ ಕೂತು ವಾಲ್ವ್ ಮುಚ್ಚಿಕೊಳ್ಳದೆ ಅರ್ಧ ಬಾಯಿ ತೆರೆದೇ ಉಳಿದಿತ್ತು. ಘಾಟಿ ಹತ್ತುವಾಗ ಇಂಜಿನ್ನಿಗೆ ಬೇಕಿದ್ದದ್ದು ಒಳ್ಳೆಯ ಗಾಳಿ, ಹೋಗುತ್ತಿದ್ದದ್ದು ಹೊಗೆ. ಇನ್ನೆಲ್ಲಿ ಎಳೆಯುತ್ತೆ?

ಮೋಟಾರ್ ಇರುವ ಭಾಗಕ್ಕೆ ಒಂದು ಹನಿಯೂ ಇಳಿಯದಂತೆ ವಾಲ್ವನ್ನು ಬಾಯಿ ಕೆಳಗಾಗಿ ಹಿಡಿದು ಕ್ಲೀನರ್ ಸ್ಪ್ರೇ ಹೊಡೆಯೋದು, ನೆನೆಯಲು ಬಿಡೋದು, ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಉಜ್ಜೋದು, ಮತ್ತೆ ಸ್ಪ್ರೇ. ಸ್ಕ್ರೂಡ್ರೈವರ್ ಹಾಕಿ ಕೆರೆಯಲು ಹೋದೆ, ತಡೆದರು. ಗೀರು ಬಿದ್ದರೆ ವಾಲ್ವ್ ಸರಿಯಾಗಿ ಕೂರೋದಿಲ್ಲವಂತೆ. ಎರಡು ಗಂಟೆ ಹಿಡಿಯಿತು. ಆಮೇಲೆ ಮುಚ್ಚಿದ ವಾಲ್ವಿನ ಬಾಯಿಗೆ ಒಂದು ಚಮಚದಷ್ಟು ಸೀಮೆಎಣ್ಣೆ ಬಿಟ್ಟು ಬೆಂಚಿನ ಮೇಲೆ ಇಟ್ಟರು. ಅದು ತೊಟ್ಟಿಕ್ಕಿದರೆ ಮಾತ್ರ ಹೊಸದು. ಇಬ್ಬರೂ ಟೀ ಕುಡಿದು ಬಂದೆವು. ಕೆಳಗೆ ಹಾಸಿದ್ದ ಪೇಪರ್ ಒಣಗಿಯೇ ಇತ್ತು.

ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿದರು, ಹಳೆಯದನ್ನೇ ಮತ್ತೆ ಕೂರಿಸಿದರೆ ಹೊಗೆ ಸೋರುತ್ತೆ. ಕೋಡ್ ಅಳಿಸಿ, ವಾಲ್ವ್ ಪೂರ್ತಿ ಮುಚ್ಚೋ ಜಾಗ ಯಾವುದು ಅಂತ ಇಂಜಿನ್ ಕಂಪ್ಯೂಟರಿಗೆ ಸ್ಕ್ಯಾನರಿನಿಂದ ಮತ್ತೆ ಕಲಿಸಿದರು. ಇದನ್ನು ಮರೆಯಬೇಡಿ, ತೊಳೆದ ಮೇಲೂ ಲೈಟ್ ಹೋಗಲಿಲ್ಲ ಅಂತ ಎಷ್ಟೋ ಜನ ಒಳ್ಳೆಯ ವಾಲ್ವನ್ನು ಗುಜರಿಗೆ ಹಾಕುತ್ತಾರೆ.

ಇಷ್ಟು ಕಟ್ಟಿಕೊಳ್ಳೋಕೆ ಕಾರಣ ನಾನು ಗಾಡಿ ಓಡಿಸುವ ರೀತಿಯೇ ಅಂತೆ. ಮನೆಯಿಂದ ಆಫೀಸಿಗೆ 3 ಕಿಲೋಮೀಟರ್. ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಹದಿನೈದು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಒಂದೇ ಸಮನೆ ಓಡಿಸಿ ಎಂದರು. ಹಾಗಾಗಿ ಈಗ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ, ಅಮ್ಮನ ಮನೆಗೆ ಹೋಗಿ ಬರುತ್ತಿದ್ದೇನೆ. ಮೊನ್ನೆ ಹೋದಾಗ ಅಮ್ಮ ಕಡುಬು ಮಾಡಿಟ್ಟು ಕಾಯುತ್ತಿದ್ದಳು.